ಕಾಯಿಲೆಯಿಲ್ಲದ ಹಂದಿಗಳಲ್ಲಿ ಟಿಜಿಇ ಪ್ರತಿಕಾಯ: ಮಾನೋಕ್ಲೋನಲ್ ಪ್ರತಿಕಾಯಗಳು ಬಿಡಿಸಿದ ಒಂದು ಪ್ರಕರಣ

1984ರ ಹೊತ್ತಿಗೆ ಬೆಲ್ಜಿಯಂನಲ್ಲಿ ಹಂದಿಗಳ ಸೀರಮ್, ಅಂದರೆ ರಕ್ತದ ತಿಳಿ ದ್ರವ, ಪರೀಕ್ಷಿಸುತ್ತಿದ್ದವರ ಮುಂದೆ ಒಂದಕ್ಕೊಂದು ಹೊಂದದ ಎರಡು ಸಂಗತಿಗಳು ಬಂದು ನಿಂತವು. ಹಂದಿಗಳ ಸಾಂಕ್ರಾಮಿಕ ಜಠರ-ಕರುಳಿನ ಉರಿಯೂತಕ್ಕೆ, ಅಂದರೆ ಟ್ರಾನ್ಸ್‌ಮಿಸಿಬಲ್ ಗ್ಯಾಸ್ಟ್ರೋಎಂಟರೈಟಿಸ್ ಅಥವಾ ಚಿಕ್ಕದಾಗಿ ಟಿಜಿಇ ಎನ್ನುವ ರೋಗಕ್ಕೆ, ಕಾರಣವಾದ ವೈರಸ್‌ನ ವಿರುದ್ಧ ಪ್ರತಿಕಾಯ (ಸೋಂಕಿನ ವಿರುದ್ಧ ದೇಹ ತಯಾರಿಸುವ ರಕ್ಷಕ ಪ್ರೋಟೀನ್) ಹೊಂದಿರುವ ಹಂದಿಗಳ ಪ್ರಮಾಣ ಏಕಾಏಕಿ ಏರಿತು. ಆದರೆ ಆ ಹಿಂಡುಗಳಲ್ಲಿ ಭೇದಿಯೂ ಇರಲಿಲ್ಲ, ವಾಂತಿಯೂ ಇರಲಿಲ್ಲ, ಮರಿಗಳು ಸಾಲುಸಾಲಾಗಿ ಸತ್ತ ದಾಖಲೆಯೂ ಇರಲಿಲ್ಲ. ಸೀರಮ್ ಹೇಳುತ್ತಿದ್ದ ಕತೆ ಒಂದು, ಕೊಟ್ಟಿಗೆಯಲ್ಲಿ ಕಾಣುತ್ತಿದ್ದುದು ಇನ್ನೊಂದು.

ಇದು ಎಷ್ಟು ವಿಚಿತ್ರವೆಂಬುದು ಟಿಜಿಇಯ ಸ್ವಭಾವ ತಿಳಿದವರಿಗೆ ತಕ್ಷಣ ಹೊಳೆಯುತ್ತದೆ. ಅಮೆರಿಕದ ಇಂಡಿಯಾನಾದಲ್ಲಿ ಡಾಯ್ಲ್ ಮತ್ತು ಹಚಿಂಗ್ಸ್ 1946ರಲ್ಲಿ ಮೊದಲ ಬಾರಿಗೆ ವಿವರಿಸಿದ ಈ ರೋಗದಲ್ಲಿ ವೈರಸ್ ಸಣ್ಣ ಕರುಳಿನ ಒಳಗೋಡೆಯ ಹೀರುಬೆರಳುಗಳ ಮೇಲಿನ ಜೀವಕೋಶಗಳನ್ನು ನಾಶಮಾಡುತ್ತದೆ. ಹೀರುಬೆರಳುಗಳು ಕುಗ್ಗಿ ಮೊಂಡಾಗುತ್ತವೆ. ಕುಡಿದ ಹಾಲು ಜೀರ್ಣವಾಗದೆ ನೀರಿನಂಥ ಭೇದಿಯಾಗಿ ಹೊರಬರುತ್ತದೆ. ಎರಡು ವಾರದೊಳಗಿನ ಮರಿಗಳಲ್ಲಿ ಸಾವಿನ ಪ್ರಮಾಣ ನೂರಕ್ಕೆ ನೂರರ ಹತ್ತಿರ ಹೋಗುತ್ತದೆ. ರೋಗ ಬೇರೂರಿದ ಹಿಂಡುಗಳಲ್ಲಿ ಅದರ ತೀವ್ರತೆ ಕಡಿಮೆಯಾಗಿ ಕಾಣುವುದುಂಟು ನಿಜ. ಆದರೆ ಹಿಂದೆಂದೂ ಸೋಂಕು ಕಾಣದ ಹಿಂಡಿನ ಮೂಲಕ ಇಂಥ ವೈರಸ್ ಸದ್ದಿಲ್ಲದೆ ಹಾದುಹೋಗಿ ಪ್ರತಿಕಾಯವನ್ನಷ್ಟೇ ಬಿಟ್ಟುಹೋಗುತ್ತದೆಂದು ನಂಬುವುದು ಕಷ್ಟ.

ಹಾಗಾದರೆ ಮೂರು ಸಾಧ್ಯತೆಗಳು ಉಳಿಯುತ್ತಿದ್ದವು. ಪರೀಕ್ಷೆಯೇ ತಪ್ಪು ಹೇಳುತ್ತಿರಬಹುದು. ಟಿಜಿಇ ವೈರಸ್‌ನ ಯಾವುದೋ ದುರ್ಬಲ ತಳಿ ಹರಡುತ್ತಿರಬಹುದು. ಇಲ್ಲವೇ, ಟಿಜಿಇ ವೈರಸ್ ಅಲ್ಲದ, ಆದರೆ ಅದನ್ನು ಬಹಳ ಹೋಲುವ ಮತ್ತೊಂದು ವೈರಸ್ ಬಂದಿರಬಹುದು. ಉತ್ತರದ ಮೇಲೆ ನಿಂತಿದ್ದುದು ವಿಜ್ಞಾನಿಗಳ ಕುತೂಹಲ ಮಾತ್ರವಲ್ಲ. ತಳಿ ಸಂವರ್ಧನೆಗಾಗಿ ಹಂದಿಗಳನ್ನು ಗಡಿ ದಾಟಿಸುವಾಗ ಅವು ಟಿಜಿಇ ಮುಕ್ತವೆಂದು ಸೀರಮ್ ಪರೀಕ್ಷೆಯ ಆಧಾರದಲ್ಲಿ ಪ್ರಮಾಣಪತ್ರ ಕೊಡಬೇಕಾಗಿತ್ತು. ಡೆನ್ಮಾರ್ಕ್‌ನಂಥ ಟಿಜಿಇ ಇಲ್ಲದ ದೇಶದಲ್ಲೂ ಇದೇ ಬಗೆಯ ಪ್ರತಿಕಾಯ ಕಾಣಿಸಿಕೊಂಡಾಗ, ಆರೋಗ್ಯವಂತ ಹಂದಿಯೊಂದು ಕಾಗದದ ಮೇಲೆ ರೋಗಗ್ರಸ್ತವಾಗಿಬಿಡುತ್ತಿತ್ತು.

ಘೆಂಟ್ ವಿಶ್ವವಿದ್ಯಾಲಯದ ಮೌರಿಸ್ ಪೆನ್‌ಸಾರ್ಟ್ ಮತ್ತು ಸಂಗಡಿಗರು 1986ರಲ್ಲಿ ಮೂರನೆಯ ಸಾಧ್ಯತೆಯ ಕಡೆಗೆ ಬಲವಾದ ಸಾಕ್ಷ್ಯ ಪ್ರಕಟಿಸಿದರು. ಅವರು ಪ್ರತ್ಯೇಕಿಸಿದ ಕೊರೊನಾವೈರಸ್ ಹಂದಿಗಳ ಉಸಿರಾಟದ ಅಂಗಗಳಲ್ಲಿ, ಮುಖ್ಯವಾಗಿ ಶ್ವಾಸಕೋಶದಲ್ಲಿ, ಹುಲುಸಾಗಿ ಬೆಳೆಯುತ್ತಿತ್ತು. ಕರುಳಿನಲ್ಲಿ ರೋಗ ಉಂಟುಮಾಡುತ್ತಿರಲಿಲ್ಲ. ಗಾಳಿಯ ಮೂಲಕ ಹಿಂಡಿನಿಂದ ಹಿಂಡಿಗೆ ಹಬ್ಬುತ್ತಿತ್ತು. ಅದಕ್ಕೆ ಹಂದಿಗಳ ಉಸಿರಾಟದ ಕೊರೊನಾವೈರಸ್ ಎಂಬ ಹೆಸರು ನಿಂತಿತು. ಮುಂದೆ ಈ ಬರಹದಲ್ಲಿ ಅದನ್ನು ಪಿಆರ್‌ಸಿವಿ ಎಂದೂ ಹಳೆಯ ಕರುಳಿನ ವೈರಸ್ಸನ್ನು ಟಿಜಿಇವಿ ಎಂದೂ ಕರೆಯುತ್ತೇನೆ.

ಆದರೆ ವೈರಸ್ ಕೈಗೆ ಸಿಕ್ಕ ಮೇಲೂ ತೊಡಕು ಬಗೆಹರಿಯಲಿಲ್ಲ. ಸೀರಮ್ ವೈರಸ್‌ನ ಸೋಂಕುಶಕ್ತಿಯನ್ನು ತಡೆಯುತ್ತದೆಯೇ ಎಂದು ನೋಡುವ ತಟಸ್ಥೀಕರಣ ಪರೀಕ್ಷೆಯಲ್ಲಿ ಪಿಆರ್‌ಸಿವಿ ಸೋಂಕಿತ ಹಂದಿಯ ಸೀರಮ್ ಟಿಜಿಇವಿಯನ್ನು ಸೊಗಸಾಗಿ ತಟಸ್ಥಗೊಳಿಸುತ್ತಿತ್ತು, ಟಿಜಿಇವಿಯ ಸೀರಮ್ ಪಿಆರ್‌ಸಿವಿಯನ್ನು ಅಷ್ಟೇ ಚೆನ್ನಾಗಿ ತಟಸ್ಥಗೊಳಿಸುತ್ತಿತ್ತು. ಹಂದಿಯೊಂದರ ಸೀರಮ್ ನೋಡಿ ಅದು ಯಾವ ವೈರಸ್ಸನ್ನು ಕಂಡಿದೆಯೆಂದು ಹೇಳುವ ದಾರಿ ಇರಲಿಲ್ಲ. ಎರಡು ವೈರಸ್‌ಗಳ ನಡುವಿನ ವ್ಯತ್ಯಾಸ ಎಲ್ಲಿದೆ ಎಂಬುದೇ ಗೊತ್ತಿಲ್ಲದಿದ್ದಾಗ, ಅದನ್ನು ಹಿಡಿಯುವ ಪರೀಕ್ಷೆ ಕಟ್ಟುವುದು ಹೇಗೆ? ಮಾನೋಕ್ಲೋನಲ್ ಪ್ರತಿಕಾಯಗಳು ಈ ಪ್ರಕರಣದೊಳಗೆ ಬಂದದ್ದು ಇಲ್ಲಿ.

ಸಾಮಾನ್ಯ ಸೀರಮ್‌ನ ಮಿತಿ

ಸೋಂಕಿತ ಪ್ರಾಣಿಯ ಸೀರಮ್‌ನಲ್ಲಿ ಒಂದೇ ವೈರಸ್‌ನ ನೂರಾರು ಬೇರೆಬೇರೆ ಭಾಗಗಳಿಗೆ ಅಂಟುವ ಪ್ರತಿಕಾಯಗಳು ಬೆರೆತಿರುತ್ತವೆ. ಎರಡು ವೈರಸ್‌ಗಳ ಮೇಲ್ಮೈಯ ಬಹುಭಾಗ ಒಂದೇ ಆಗಿದ್ದರೆ, ಬೇರೆಯಾಗಿರುವ ಸಣ್ಣ ಭಾಗ ಈ ಒಟ್ಟು ಪ್ರತಿಕ್ರಿಯೆಯಲ್ಲಿ ಕಾಣದಂತೆ ಮುಳುಗಿಹೋಗುತ್ತದೆ. ಕೇಂಬ್ರಿಜ್‌ನಲ್ಲಿ ಜಾರ್ಜ್ ಕೋಹ್ಲರ್ ಮತ್ತು ಸೀಸರ್ ಮಿಲ್‌ಸ್ಟೀನ್ 1975ರಲ್ಲಿ ರೂಪಿಸಿದ ವಿಧಾನ ಈ ಗೋಜಲನ್ನು ಬಿಡಿಬಿಡಿಯಾಗಿ ಬೇರ್ಪಡಿಸಿತು. 1984ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಬ್ಬರಿಗೂ ಪಾಲು ಸಿಕ್ಕಿತು. ವೈರಸ್ ಚುಚ್ಚಿದ ಇಲಿಯ ಗುಲ್ಮದಿಂದ ಪ್ರತಿಕಾಯ ತಯಾರಿಸುವ ಜೀವಕೋಶಗಳನ್ನು ತೆಗೆದು, ಸಾವಿಲ್ಲದೆ ವಿಭಜಿಸುತ್ತಲೇ ಹೋಗುವ ಮೈಲೋಮಾ ಎಂಬ ಕ್ಯಾನ್ಸರ್ ಜೀವಕೋಶಗಳೊಂದಿಗೆ ಬೆಸೆಯುತ್ತಾರೆ. ಬೆಸೆದವುಗಳು ಮಾತ್ರ ಬದುಕುವಂಥ ದ್ರಾವಣದಲ್ಲಿ ಬೆಳೆಸಿ, ಪ್ಲಾಸ್ಟಿಕ್ ತಟ್ಟೆಯ ಒಂದೊಂದು ಗುಳಿಯಲ್ಲೂ ಒಂದೇ ಜೀವಕೋಶ ಬೀಳುವಷ್ಟು ತೆಳುಗೊಳಿಸಿದರೆ, ಆ ಗುಳಿಯ ಸಂತತಿಯೆಲ್ಲ ಒಂದೇ ಬಗೆಯ ಪ್ರತಿಕಾಯವನ್ನು ಸ್ರವಿಸುತ್ತದೆ. ಅದು ವೈರಸ್‌ನ ಒಂದೇ ಒಂದು ಎಪಿಟೋಪ್‌ಗೆ, ಅಂದರೆ ಪ್ರತಿಕಾಯ ಅಂಟುವ ಒಂದು ಚಿಕ್ಕ ತಾಣಕ್ಕೆ, ಅಂಟುತ್ತದೆ.

ಹೀಗೆ ಸಿಕ್ಕ ಒಂದು ಪ್ರತಿಕಾಯದಿಂದ ಹೆಚ್ಚೇನೂ ತಿಳಿಯುವುದಿಲ್ಲ. ಅದು ಅಂಟಿತು ಅಥವಾ ಅಂಟಲಿಲ್ಲ ಎಂಬಷ್ಟೇ ಮಾಹಿತಿ ಅದರಿಂದ ಬರುತ್ತದೆ. ಬೆಲೆ ಬರುವುದು ಇಂಥ ಹಲವು ಪ್ರತಿಕಾಯಗಳನ್ನು ಒಂದು ಗುಂಪಾಗಿ ಜೋಡಿಸಿ, ಗುಂಪಿನ ಪ್ರತಿಯೊಂದು ಸದಸ್ಯವೂ ವೈರಸ್‌ನ ಯಾವ ಭಾಗವನ್ನು ನೋಡುತ್ತಿದೆಯೆಂದು ಮೊದಲೇ ಗುರುತು ಹಾಕಿಕೊಂಡಾಗ. ಈ ಪ್ರಕರಣದಲ್ಲಿ ನಿಜವಾದ ದುಡಿಮೆ ನಡೆದದ್ದು ಇಲ್ಲಿಯೇ ಎಂದು ನನ್ನ ಅಭಿಪ್ರಾಯ. ಈ ತಳಪಾಯದ ಕೆಲಸ ಇಲ್ಲದಿದ್ದರೆ ಮುಂದಿನ ತೀರ್ಮಾನಗಳಲ್ಲಿ ಒಂದೂ ಗಟ್ಟಿಯಾಗಿ ನಿಲ್ಲುತ್ತಿರಲಿಲ್ಲ.

ಸ್ಪೈಕ್ ಪ್ರೋಟೀನ್‌ನ ನಕ್ಷೆ

ಟಿಜಿಇವಿಯ ಹೊರಮೈಯಲ್ಲಿ ಮುಳ್ಳಿನಂತೆ ಚಾಚಿರುವ ಸ್ಪೈಕ್ ಪ್ರೋಟೀನ್ ಸುಮಾರು 1450 ಅಮೈನೋ ಆಮ್ಲಗಳಷ್ಟು ಉದ್ದವಾಗಿದೆ. ವೈರಸ್ಸನ್ನು ತಟಸ್ಥಗೊಳಿಸುವ ಪ್ರತಿಕಾಯಗಳಲ್ಲಿ ಮುಖ್ಯವಾದವು ಇದರ ಮೇಲೆಯೇ ಅಂಟುತ್ತವೆ. ಮ್ಯಾಡ್ರಿಡ್‌ನಲ್ಲಿ ಲೂಯಿಸ್ ಎನ್‌ಹುವಾನೆಸ್ ಅವರ ತಂಡ ಮತ್ತು ಫ್ರಾನ್ಸ್‌ನಲ್ಲಿ ಹ್ಯೂಬರ್ಟ್ ಲೋಡ್ ಅವರ ತಂಡ 1980ರ ದಶಕದಲ್ಲಿ ಸ್ವತಂತ್ರವಾಗಿ ಈ ಪ್ರೋಟೀನ್‌ನ ಪ್ರತಿಜನಕ ನಕ್ಷೆಯನ್ನು, ಅಂದರೆ ಪ್ರತಿಕಾಯಗಳು ಎಲ್ಲೆಲ್ಲಿ ಅಂಟುತ್ತವೆಂಬ ನಕ್ಷೆಯನ್ನು, ಬರೆದವು.

ನಕ್ಷೆ ಬರೆಯಲು ಎರಡು ದಾರಿಗಳಿದ್ದವು, ಎರಡನ್ನೂ ಬಳಸಲಾಯಿತು. ಮೊದಲನೆಯದು ಪೈಪೋಟಿಯ ಪರೀಕ್ಷೆ. ಒಂದು ಪ್ರತಿಕಾಯಕ್ಕೆ ಗುರುತು ಹಚ್ಚಿ, ಗುರುತಿಲ್ಲದ ಇನ್ನೊಂದನ್ನು ಮೊದಲು ವೈರಸ್‌ನ ಮೇಲೆ ಬಿಟ್ಟರೆ, ಎರಡೂ ಒಂದೇ ತಾಣಕ್ಕೋ ಅಕ್ಕಪಕ್ಕದ ತಾಣಕ್ಕೋ ಅಂಟುವಂಥವಾಗಿದ್ದಲ್ಲಿ ಗುರುತು ಹಚ್ಚಿದ್ದಕ್ಕೆ ಜಾಗ ಸಿಗುವುದಿಲ್ಲ. ದೂರದ ತಾಣಗಳಾಗಿದ್ದರೆ ಎರಡೂ ನಿರಾತಂಕವಾಗಿ ಅಂಟುತ್ತವೆ. ಗುಂಪಿನ ಪ್ರತಿ ಜೋಡಿಯನ್ನೂ ಹೀಗೆ ಎದುರುಬದುರು ನಿಲ್ಲಿಸಿದಾಗ ಪ್ರತಿಕಾಯಗಳು ತಾವಾಗಿಯೇ ಕೆಲವು ಕಟ್ಟುಗಳಾಗಿ ಬೇರ್ಪಡುತ್ತವೆ. ಎರಡನೆಯದು ತಪ್ಪಿಸಿಕೊಂಡ ರೂಪಾಂತರಿಗಳ ದಾರಿ. ತಟಸ್ಥಗೊಳಿಸುವ ಒಂದು ಮಾನೋಕ್ಲೋನಲ್ ಪ್ರತಿಕಾಯದ ಸಮ್ಮುಖದಲ್ಲಿ ವೈರಸ್ಸನ್ನು ಬೆಳೆಸಿದರೆ, ಆ ಎಪಿಟೋಪ್‌ನಲ್ಲಿ ಬದಲಾವಣೆಯಾದ ಅಪರೂಪದ ಕಣಗಳು ಮಾತ್ರ ಬದುಕಿ ಬೆಳೆಯುತ್ತವೆ. ಅವುಗಳ ಸ್ಪೈಕ್ ಜೀನ್ ಓದಿದಾಗ ಯಾವ ಅಮೈನೋ ಆಮ್ಲ ಬದಲಾಗಿದೆಯೆಂದು ತಿಳಿಯುತ್ತದೆ. ಗುಂಪಿನ ಬೇರೆ ಯಾವ ಪ್ರತಿಕಾಯಗಳು ಈ ರೂಪಾಂತರಿಗೆ ಅಂಟಲು ಸೋಲುತ್ತವೆಯೆಂದು ನೋಡಿದಾಗ ಆ ಅಮೈನೋ ಆಮ್ಲ ಯಾವ ತಾಣಕ್ಕೆ ಸೇರಿದ್ದೆಂಬುದು ಖಚಿತವಾಗುತ್ತದೆ.

ಮ್ಯಾಡ್ರಿಡ್ ತಂಡದ ಹೆಸರಿಸುವ ಕ್ರಮದಲ್ಲಿ ಎ, ಬಿ, ಸಿ, ಡಿ ಎಂಬ ನಾಲ್ಕು ತಾಣಗಳು ಹೊರಬಂದವು. ಪ್ರೋಟೀನ್‌ನ ಆರಂಭದ ತುದಿಯಿಂದ ಎಣಿಸಿದರೆ ಮೊದಲು ಬರುವುದು ಸಿ, ಐವತ್ತನೆಯ ಅಮೈನೋ ಆಮ್ಲದ ಆಸುಪಾಸಿನಲ್ಲಿ; ನಂತರ ಬಿ, 97 ಮತ್ತು 144ರ ಸುತ್ತ; ಆಮೇಲೆ ಡಿ, 380ರ ಬಳಿ; ಕೊನೆಗೆ ಎ, 538ರಿಂದ 591ರ ಪ್ರದೇಶವನ್ನು ಒಳಗೊಂಡಂತೆ. ಇವುಗಳಲ್ಲಿ ತಟಸ್ಥೀಕರಣದ ಮಟ್ಟಿಗೆ ಎಲ್ಲಕ್ಕಿಂತ ಪ್ರಬಲವಾದದ್ದು ಎ ತಾಣ. ಫ್ರೆಂಚ್ ತಂಡವೂ ಅದೇ ನಾಲ್ಕು ಅಕ್ಷರಗಳನ್ನು ಬಳಸಿತಾದರೂ ಅವುಗಳನ್ನು ಬೇರೆ ಕ್ರಮದಲ್ಲಿ ಹಂಚಿತು. ಹಾಗಾಗಿ ಹಳೆಯ ವರದಿಗಳನ್ನು ಹೋಲಿಸಿ ಓದುವವರು ಮೊದಲು ಯಾವ ತಂಡದ ಅಕ್ಷರವೆಂದು ನೋಡಿಕೊಳ್ಳಬೇಕು. ಇಲ್ಲದಿದ್ದರೆ ಉಳಿದುಕೊಂಡ ತಾಣವನ್ನು ಕಳೆದುಹೋದದ್ದೆಂದು ಓದಿಬಿಡುವ ಅಪಾಯ ನಿಜವಾಗಿಯೂ ಇದೆ. ಇಲ್ಲಿ ನಾನು ಉದ್ದಕ್ಕೂ ಮ್ಯಾಡ್ರಿಡ್‌ನ ಕ್ರಮವನ್ನೇ ಅನುಸರಿಸಿದ್ದೇನೆ.

ಪಿಆರ್‌ಸಿವಿಯ ಮುಂದೆ ಪ್ರತಿಕಾಯಗಳ ಗುಂಪು

ಗುರುತು ಹಾಕಿದ ಈ ಗುಂಪನ್ನು ಪಿಆರ್‌ಸಿವಿಯ ಮೇಲೆ ಬಿಟ್ಟಾಗ ಬಂದ ಫಲಿತಾಂಶ ತುಂಬ ಸ್ಪಷ್ಟವಾಗಿತ್ತು. ಎ ತಾಣದ ಪ್ರತಿಕಾಯಗಳು ಅಂಟಿದವು, ಡಿ ತಾಣದವೂ ಅಂಟಿದವು. ಬಿ ಮತ್ತು ಸಿ ತಾಣದ ಪ್ರತಿಕಾಯಗಳು ಅಂಟಲಿಲ್ಲ.

ಮೊದಲ ಅರ್ಧ ತಟಸ್ಥೀಕರಣ ಪರೀಕ್ಷೆಯ ಒಗಟನ್ನು ಬಿಡಿಸಿತು. ತಟಸ್ಥೀಕರಣದ ಬಹುಪಾಲು ಭಾರ ಹೊರುವ ಎ ತಾಣ ಎರಡೂ ವೈರಸ್‌ಗಳಲ್ಲಿ ಉಳಿದುಕೊಂಡಿರುವುದರಿಂದ, ಆ ಪರೀಕ್ಷೆ ಎರಡನ್ನೂ ಒಂದೇ ಎಂದು ಹೇಳಲೇಬೇಕಾಗಿತ್ತು. ಪರೀಕ್ಷೆ ತಪ್ಪು ಹೇಳುತ್ತಿರಲಿಲ್ಲ. ಎರಡು ವೈರಸ್‌ಗಳು ಒಂದೇ ಆಗಿರುವ ಜಾಗವನ್ನು ನೋಡಿ ನಿಜವನ್ನೇ ಹೇಳುತ್ತಿತ್ತು. ಇದೇ ಕಾರಣಕ್ಕೆ ಪಿಆರ್‌ಸಿವಿ ಸೋಂಕು ತಗುಲಿ ಚೇತರಿಸಿಕೊಂಡ ಹಂದಿಗಳಿಗೆ ಟಿಜಿಇವಿಯ ಎದುರು ಭಾಗಶಃ ರಕ್ಷಣೆಯೂ ದೊರೆಯುತ್ತದೆ. ಪಿಆರ್‌ಸಿವಿ ವ್ಯಾಪಕವಾದ ಮೇಲೆ ಯುರೋಪಿನಲ್ಲಿ ಟಿಜಿಇಯ ಹಾವಳಿ ಗಣನೀಯವಾಗಿ ತಗ್ಗಿದ್ದಕ್ಕೆ ಇದೇ ಮುಖ್ಯ ಕಾರಣವೆಂದು ತಜ್ಞರು ಪರಿಗಣಿಸುತ್ತಾರೆ.

ಎರಡನೆಯ ಅರ್ಧದ ಓದು ಇಷ್ಟು ಸುಲಭವಲ್ಲ, ಅದರ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು. ಒಂದು ಮಾನೋಕ್ಲೋನಲ್ ಪ್ರತಿಕಾಯ ಒಂದು ವೈರಸ್‌ಗೆ ಅಂಟದಿರಲು ಹಲವು ಕಾರಣಗಳಿರಬಹುದು. ಗುಳಿಯಲ್ಲಿ ವೈರಸ್‌ನ ಪ್ರಮಾಣ ಸಾಲದಿರಬಹುದು. ವೈರಸ್ಸನ್ನು ಸಿದ್ಧಪಡಿಸುವಾಗ ಶಾಖದಿಂದಲೋ ರಾಸಾಯನಿಕದಿಂದಲೋ ಪ್ರೋಟೀನ್‌ನ ಮಡಿಕೆ ಬಿಚ್ಚಿಹೋಗಿರಬಹುದು. ಮಡಿಕೆಯನ್ನು ಅವಲಂಬಿಸಿದ ಎಪಿಟೋಪ್‌ಗಳು ಆಗ ಇಲ್ಲವಾಗುತ್ತವೆ. ಎಪಿಟೋಪ್‌ನ ಮೇಲೆ ಹೊಸದಾಗಿ ಸಕ್ಕರೆಯ ಸರಪಳಿ ಕುಳಿತು ಅದನ್ನು ಮುಚ್ಚಿರಬಹುದು. ಒಂದೇ ಒಂದು ಅಮೈನೋ ಆಮ್ಲ ಬದಲಾಗಿರಬಹುದು. ಅಥವಾ ಆ ಇಡೀ ತುಂಡೇ ಪ್ರೋಟೀನ್‌ನಲ್ಲಿ ಇಲ್ಲದಿರಬಹುದು. ಅಂಟದ ಒಂದು ಪ್ರತಿಕಾಯದ ಎದುರು ಕುಳಿತವನಿಗೆ ಈ ಐದರಲ್ಲಿ ಯಾವುದೆಂದು ಹೇಳುವ ಆಧಾರವೇ ಇರುವುದಿಲ್ಲ, ಎಷ್ಟು ಸಲ ಮಾಡಿ ನೋಡಿದರೂ ಅಷ್ಟೇ.

ಇಲ್ಲಿ ತೀರ್ಮಾನಕ್ಕೆ ಬಲ ಬಂದದ್ದು ಫಲಿತಾಂಶಗಳ ವಿನ್ಯಾಸದಿಂದ. ಅದೇ ವೈರಸ್‌ನ ಅದೇ ತಯಾರಿಯ ಮೇಲೆ ಎ ಮತ್ತು ಡಿ ತಾಣದ ಪ್ರತಿಕಾಯಗಳು ಅಂಟಿದ್ದರಿಂದ ವೈರಸ್‌ನ ಪ್ರಮಾಣ ಸಾಲದೆಂಬ ಅನುಮಾನ ಬಿದ್ದುಹೋಯಿತು. ಎ ತಾಣ ಪ್ರೋಟೀನ್‌ನ ಮಡಿಕೆಯನ್ನು ಅವಲಂಬಿಸಿದ್ದು, ಅದು ಗಟ್ಟಿಯಾಗಿ ಉಳಿದಿದ್ದರಿಂದ ಇಡೀ ಪ್ರೋಟೀನ್ ಬಿಚ್ಚಿಹೋಗಿದೆಯೆಂಬ ಅನುಮಾನವೂ ನಿಲ್ಲಲಿಲ್ಲ. ಒಂದು ತಾಣದೊಳಗಿನ ಒಂದು ಎಪಿಟೋಪ್ ಕಾಣೆಯಾಗಿ ಪಕ್ಕದ್ದು ಉಳಿದಿದ್ದರೆ ಬಿಂದು ಬದಲಾವಣೆಯೆಂದು ಊಹಿಸಬಹುದಿತ್ತು. ಟಿಜಿಇವಿಯ ತಳಿಗಳ ನಡುವೆ ಅಂಥ ಬಿಡಿ ಕಣ್ಮರೆಗಳು ಇದ್ದೇ ಇವೆ. ಅಮೆರಿಕದ ಓಹಾಯೋದಲ್ಲಿ ಲಿಂಡಾ ಸೈಫ್ ಅವರ ತಂಡ 1992ರಲ್ಲಿ ಸ್ಪೈಕ್ ಪ್ರತಿಕಾಯಗಳಿಂದ ಟಿಜಿಇವಿ ಮತ್ತು ಪಿಆರ್‌ಸಿವಿಯ ಹಲವು ತಳಿಗಳನ್ನು ಹೋಲಿಸಿದಾಗಲೂ ತಳಿಗಳ ನಡುವಿನ ಇಂಥ ಪ್ರತಿಜನಕ ವ್ಯತ್ಯಾಸ ದಾಖಲಾಯಿತು. ಪಿಆರ್‌ಸಿವಿಯಲ್ಲಿ ಮಾತ್ರ, ಪ್ರೋಟೀನ್‌ನ ಒಂದೇ ತುದಿಯಲ್ಲಿ ನೆರೆಹೊರೆಯಾಗಿರುವ ಎರಡು ತಾಣಗಳು ಒಟ್ಟಿಗೇ ಇಲ್ಲವಾಗಿದ್ದವು. ನೆರೆಹೊರೆ ಇಡಿಯಾಗಿ ಖಾಲಿಯಾದಾಗ ಬಿಡಿ ಬದಲಾವಣೆಗಳಿಗಿಂತ ದೊಡ್ಡ ತುಂಡೊಂದು ಕಳಚಿಹೋಗಿದೆ ಎಂಬ ಊಹೆಯೇ ಹೆಚ್ಚು ಸಹಜ.

ವೈರಸ್‌ನ ವೈವಿಧ್ಯವನ್ನು ಪ್ರತಿಕಾಯಗಳಿಂದ ಅಳೆಯಹೊರಟ ಯಾರೇ ಆಗಲಿ ಈ ಹೆಜ್ಜೆಯನ್ನು ಗಮನವಿಟ್ಟು ನೋಡಬೇಕೆಂದು ನಾನು ಒತ್ತಿ ಹೇಳುತ್ತೇನೆ. ಇಲ್ಲ ಎಂಬ ಫಲಿತಾಂಶಕ್ಕೆ ಅರ್ಥ ಬರುವುದು, ಅದರ ಪಕ್ಕದಲ್ಲಿ ಅದೇ ಗುಳಿಸಾಲಿನಲ್ಲಿ ಹೌದು ಎಂಬ ಫಲಿತಾಂಶಗಳು ಇದ್ದಾಗ, ಮತ್ತು ಎರಡರ ಸ್ಥಾನವೂ ನಕ್ಷೆಯ ಮೇಲೆ ಗೊತ್ತಿದ್ದಾಗ ಮಾತ್ರ. ಎಷ್ಟು ಪ್ರತಿಕಾಯಗಳಲ್ಲಿ ಎಷ್ಟು ಅಂಟಿದವು ಎಂಬ ಶೇಕಡಾವಾರು ಲೆಕ್ಕ ಕೊಟ್ಟು ಎರಡು ವೈರಸ್‌ಗಳು ಇಷ್ಟು ಹತ್ತಿರ ಅಥವಾ ಇಷ್ಟು ದೂರ ಎಂದು ಹೇಳುವ ವರದಿಗಳನ್ನು ನಾನು ಒಪ್ಪುವುದಿಲ್ಲ. ಗುಂಪಿನಲ್ಲಿ ಎ ತಾಣದ ಪ್ರತಿಕಾಯಗಳೇ ತುಂಬಿದ್ದರೆ ಪಿಆರ್‌ಸಿವಿ ಟಿಜಿಇವಿಯ ಅವಳಿಯಂತೆ ಕಾಣುತ್ತದೆ. ಬಿ ಮತ್ತು ಸಿ ತಾಣದವೇ ತುಂಬಿದ್ದರೆ ಸಂಬಂಧವೇ ಇಲ್ಲದಂತೆ ಕಾಣುತ್ತದೆ. ಆ ಶೇಕಡಾವಾರು ವೈರಸ್‌ಗಳಿಗಿಂತ ಹೆಚ್ಚಾಗಿ ಗುಂಪನ್ನು ಆಯ್ದವರ ಆಯ್ಕೆಯನ್ನೇ ಅಳೆಯುತ್ತದೆ.

ಜೀನ್ ಓದಿದಾಗ

1990ರಲ್ಲಿ ರಾಶಾರ್ಟ್, ಡುವಾರ್ಟೆ ಮತ್ತು ಲೋಡ್ ಪಿಆರ್‌ಸಿವಿಯ ಜೀನ್ ಅನುಕ್ರಮವನ್ನು ಟಿಜಿಇವಿಯದರ ಜೊತೆ ಇಟ್ಟು ನೋಡಿದರು. ಸ್ಪೈಕ್ ಜೀನ್‌ನ ಆರಂಭದ ಭಾಗದಲ್ಲಿ 672 ನ್ಯೂಕ್ಲಿಯೋಟೈಡ್‌ಗಳ ಒಂದು ದೊಡ್ಡ ಲೋಪವಿತ್ತು. ನ್ಯೂಕ್ಲಿಯೋಟೈಡ್ ಎಂದರೆ ಜೀನ್‌ನ ಒಂದು ಅಕ್ಷರ; ಮೂರು ಅಕ್ಷರಗಳು ಸೇರಿ ಒಂದು ಅಮೈನೋ ಆಮ್ಲವನ್ನು ಸೂಚಿಸುತ್ತವೆ. 672 ಮೂರರಿಂದ ನಿಶ್ಶೇಷವಾಗಿ ಭಾಗವಾಗುವ ಸಂಖ್ಯೆ. ಆದ್ದರಿಂದ ಓದುವ ಚೌಕಟ್ಟು ಕೆಡದೆ 224 ಅಮೈನೋ ಆಮ್ಲಗಳಷ್ಟೇ ಕಳಚಿಕೊಂಡು, ಉಳಿದ ಪ್ರೋಟೀನ್ ಮುಂಚಿನಂತೆಯೇ ತಯಾರಾಗುತ್ತದೆ. ಪ್ರೋಟೀನ್ ತನ್ನ ಜಾಗ ಸೇರಲು ಬೇಕಾದ, ತೀರ ಮೊದಲಿನ ಸಂಕೇತ ಭಾಗ ಉಳಿದುಕೊಂಡಿದೆ. ಲೋಪ ಶುರುವಾಗುವುದು ಅದರಾಚೆ, ಇಪ್ಪತ್ತೊಂದನೆಯ ಅಮೈನೋ ಆಮ್ಲದ ಹತ್ತಿರ. ಮುಗಿಯುವುದು 245ರ ಹತ್ತಿರ. ನಕ್ಷೆಯ ಸಿ ತಾಣ ಐವತ್ತರಲ್ಲಿ, ಬಿ ತಾಣ 97 ಮತ್ತು 144ರಲ್ಲಿ. ಎರಡೂ ಈ ಲೋಪದ ಒಳಗೆ ಬೀಳುತ್ತವೆ. ಡಿ ಮತ್ತು ಎ ತಾಣಗಳು ಹೊರಗೆ ಉಳಿಯುತ್ತವೆ. ಅನುಕ್ರಮ ತಿಳಿಯುವ ಮುನ್ನ ಪ್ರತಿಕಾಯಗಳು ಗುರುತಿಸಿದ್ದ ಖಾಲಿ ಜಾಗ ಸರಿಯಾಗಿ ಅಲ್ಲಿಯೇ ಇತ್ತು.

ಅಮೆರಿಕದಲ್ಲಿ ಕಾಣಿಸಿಕೊಂಡ ಪಿಆರ್‌ಸಿವಿ ತಳಿಗಳಲ್ಲಿಯೂ ಸ್ಪೈಕ್ ಜೀನ್‌ನ ಅದೇ ಪ್ರದೇಶದಲ್ಲಿ ಲೋಪವಿದೆ, ಆದರೆ ಅದರ ಅಳತೆ ತಳಿಯಿಂದ ತಳಿಗೆ 621ರಿಂದ 681 ನ್ಯೂಕ್ಲಿಯೋಟೈಡ್‌ಗಳವರೆಗೆ ಬದಲಾಗುತ್ತದೆ. ಅಂದರೆ ಯುರೋಪಿನ ವೈರಸ್ಸೇ ಸಾಗರ ದಾಟಿ ಹೋದದ್ದಲ್ಲ. ಟಿಜಿಇವಿಯಿಂದ ಇಂಥ ವೈರಸ್ ಒಂದಕ್ಕಿಂತ ಹೆಚ್ಚು ಬಾರಿ ಬೇರೆಬೇರೆಯಾಗಿ ಹುಟ್ಟಿದೆ ಎಂದು ಇದನ್ನು ಅರ್ಥಮಾಡಿಕೊಳ್ಳಲಾಗಿದೆ. ಪ್ರತಿಕಾಯಗಳ ಗುಂಪಿಗೆ ಮಾತ್ರ ಈ ವ್ಯತ್ಯಾಸ ಕಾಣುವುದಿಲ್ಲ. 621 ಕಳೆದರೂ 681 ಕಳೆದರೂ ಬಿ, ಸಿ ತಾಣಗಳು ಇಲ್ಲವೆಂದಷ್ಟೇ ಅದು ಹೇಳಬಲ್ಲದು. ಲೋಪ ಎಲ್ಲಿದೆಯೆಂದು ತೋರಿಸಿದ್ದು ಪ್ರತಿಕಾಯಗಳು. ಅದರ ಅಂಚುಗಳನ್ನೂ ವಂಶಾವಳಿಯನ್ನೂ ತಿಳಿಸಬಲ್ಲದ್ದು ಅನುಕ್ರಮ ಮಾತ್ರ.

ಇಬ್ಬಗೆಯ ಎಲೈಸಾ

ಇಷ್ಟಾದ ಮೇಲೆ ಸಾಕಣೆದಾರರಿಗೂ ಪಶುವೈದ್ಯರಿಗೂ ಬೇಕಾಗಿದ್ದ ಪರೀಕ್ಷೆಯ ರೂಪುರೇಷೆ ತಾನಾಗಿಯೇ ಸಿದ್ಧವಾಗಿತ್ತು. ಬೆಲ್ಜಿಯಂನಲ್ಲಿ ಕಾಲ್‌ಬೌಟ್ ಮತ್ತು ಸಂಗಡಿಗರು, ಬ್ರಿಟನ್ನಿನಲ್ಲಿ ಗಾರ್ವೆಸ್ ಮತ್ತು ಸಂಗಡಿಗರು ಅನುಕ್ರಮ ಬರುವ ಮೊದಲೇ, 1988ರ ಹೊತ್ತಿಗೆ, ಎರಡು ವೈರಸ್‌ಗಳನ್ನು ಬೇರ್ಪಡಿಸಬಲ್ಲ ಮಾನೋಕ್ಲೋನಲ್ ಪ್ರತಿಕಾಯಗಳನ್ನು ವರದಿ ಮಾಡಿದ್ದರು. ಡೆನ್ಮಾರ್ಕ್‌ನಲ್ಲಿಯೂ ಇದೇ ತತ್ವದ ಮೇಲೆ ಸೀರಮ್‌ಗಳನ್ನು ವಿಂಗಡಿಸಲಾಯಿತು.

ಎಲೈಸಾ ಎಂದರೆ ಪ್ರತಿಕಾಯ ಅಂಟಿತೇ ಇಲ್ಲವೇ ಎಂಬುದನ್ನು ಕಿಣ್ವ ತರುವ ಬಣ್ಣದಿಂದ ತಿಳಿಯುವ ಪರೀಕ್ಷೆ. ಇಲ್ಲಿ ಅದರ ಕ್ರಮ ಹೀಗಿದೆ. ಪ್ಲಾಸ್ಟಿಕ್ ತಟ್ಟೆಯ ಗುಳಿಗಳ ತಳಕ್ಕೆ ಟಿಜಿಇವಿಯ ಪ್ರತಿಜನಕವನ್ನು, ಅಂದರೆ ಪ್ರತಿಕಾಯ ಗುರುತಿಸುವ ವೈರಸ್‌ನ ಪ್ರೋಟೀನನ್ನು, ಅಂಟಿಸಿರುತ್ತಾರೆ. ಅದರ ಮೇಲೆ ಪರೀಕ್ಷಿಸಬೇಕಾದ ಹಂದಿಯ ಸೀರಮ್ ಹಾಕಿ, ಅದರಲ್ಲಿರುವ ಪ್ರತಿಕಾಯಗಳು ತಮ್ಮ ತಮ್ಮ ತಾಣಗಳಿಗೆ ಅಂಟಲು ಸಮಯ ಕೊಟ್ಟು ತೊಳೆಯುತ್ತಾರೆ. ಬಳಿಕ ಪಿಆರ್‌ಸಿವಿಯಲ್ಲಿ ಇಲ್ಲದ ತಾಣಕ್ಕೆ ಅಂಟುವ, ಕಿಣ್ವ ಜೋಡಿಸಿದ ಮಾನೋಕ್ಲೋನಲ್ ಪ್ರತಿಕಾಯವನ್ನು ಹಾಕುತ್ತಾರೆ. ಹಂದಿ ಟಿಜಿಇವಿಯನ್ನು ಕಂಡಿದ್ದರೆ ಅದರ ಸೀರಮ್ ಈಗಾಗಲೇ ಆ ತಾಣವನ್ನು ಆವರಿಸಿರುತ್ತದೆ, ಮಾನೋಕ್ಲೋನಲ್‌ಗೆ ಜಾಗ ಸಿಗದೆ ಅದು ತೊಳೆದುಹೋಗುತ್ತದೆ, ಬಣ್ಣ ಬರುವುದಿಲ್ಲ. ಹಂದಿ ಪಿಆರ್‌ಸಿವಿಯನ್ನಷ್ಟೇ ಕಂಡಿದ್ದರೆ ಆ ತಾಣದ ವಿರುದ್ಧ ಪ್ರತಿಕಾಯ ಅದರಲ್ಲಿ ಹುಟ್ಟಿರುವುದೇ ಇಲ್ಲ, ತಾಣ ಬಯಲಾಗಿಯೇ ಉಳಿದು ಬಣ್ಣ ಗಾಢವಾಗಿ ಬರುತ್ತದೆ. ಆದರೆ ಯಾವ ಸೋಂಕೂ ಇಲ್ಲದ ಹಂದಿಯ ಸೀರಮ್‌ಗೂ ಬಣ್ಣ ಗಾಢವಾಗಿಯೇ ಬರುತ್ತದೆ. ಆದ್ದರಿಂದ ಪಕ್ಕದ ಗುಳಿಯಲ್ಲಿ ಅದೇ ಸೀರಮ್ಮನ್ನು ಎರಡೂ ವೈರಸ್‌ಗಳಲ್ಲಿರುವ ತಾಣದ ಮಾನೋಕ್ಲೋನಲ್ ಜೊತೆ ಓಡಿಸಲೇಬೇಕು.

ಒಂದು ಲೆಕ್ಕ ಹಿಡಿದು ನೋಡೋಣ. ಇವು ವಿವರಣೆಗಾಗಿ ಆಯ್ದ ಅಂಕಿಗಳು. ಸೋಂಕಿಲ್ಲದ ನಿಯಂತ್ರಣ ಸೀರಮ್‌ನ ಗುಳಿಗಳಲ್ಲಿ ಬಣ್ಣದ ಸಾಂದ್ರತೆ ಎರಡೂ ಮಾನೋಕ್ಲೋನಲ್‌ಗಳಿಗೆ 1.20 ಬಂದಿದೆ. ಪರೀಕ್ಷೆಯ ಸೀರಮ್‌ಗೆ ಎರಡೂ ವೈರಸ್‌ಗಳಲ್ಲಿರುವ ಸಮಾನ ತಾಣದ ಗುಳಿಯಲ್ಲಿ 0.24, ಟಿಜಿಇವಿಯಲ್ಲಷ್ಟೇ ಇರುವ ವಿಶಿಷ್ಟ ತಾಣದ ಗುಳಿಯಲ್ಲಿ 1.08 ಬಂದಿದೆ. ತಡೆಯ ಪ್ರಮಾಣ, ಅಂದರೆ ನಿಯಂತ್ರಣಕ್ಕಿಂತ ಬಣ್ಣ ಎಷ್ಟು ಕುಗ್ಗಿತೆಂಬುದು, ಮೊದಲನೆಯದರಲ್ಲಿ 80 ಶೇಕಡಾ, ಎರಡನೆಯದರಲ್ಲಿ 10 ಶೇಕಡಾ. ಹಂದಿ ಈ ಬಳಗದ ವೈರಸ್ಸನ್ನು ಕಂಡಿದೆ, ಆದರೆ ಅದು ಪಿಆರ್‌ಸಿವಿ. ಎರಡನೆಯದೂ 80ರ ಹತ್ತಿರ ಬಂದಿದ್ದರೆ ಟಿಜಿಇವಿ ಎನ್ನಬೇಕಾಗುತ್ತಿತ್ತು. ಎರಡೂ 10ರ ಆಸುಪಾಸಿನಲ್ಲಿದ್ದರೆ ಸೋಂಕಿಲ್ಲ. ತೊಂದರೆ ಬರುವುದು ವಿಶಿಷ್ಟ ತಾಣದ ತಡೆ 35ಕ್ಕೋ 40ಕ್ಕೋ ಬಂದು ನಿಂತಾಗ. ಅದು ಇತ್ತೀಚೆಗಷ್ಟೇ ತಗುಲಿದ ಟಿಜಿಇವಿ ಸೋಂಕಿನಲ್ಲಿ ಪ್ರತಿಕಾಯ ಇನ್ನೂ ಏರುತ್ತಿರುವ ಹಂತವಾಗಿರಬಹುದು. ಪಕ್ಕದ ತಾಣಕ್ಕೆ ಅಂಟಿದ ಪ್ರತಿಕಾಯಗಳು ದಟ್ಟವಾಗಿ ತುಂಬಿ ಮಾನೋಕ್ಲೋನಲ್‌ಗೆ ಅಡ್ಡಿಯಾಗಿರಬಹುದು. ಮೊದಲು ಪಿಆರ್‌ಸಿವಿ ತಗುಲಿದ್ದ ಹಂದಿಗೆ ಆಮೇಲೆ ಟಿಜಿಇವಿ ಬಂದಿರಬಹುದು. ಒಂದೇ ಸೀರಮ್‌ನಿಂದ ಇವನ್ನು ಬಿಡಿಸಲಾಗದು. ಕೆಲವು ವಾರಗಳ ಅಂತರದಲ್ಲಿ ತೆಗೆದ ಜೋಡಿ ಸೀರಮ್, ಹಾಗೂ ಹಿಂಡಿನ ಹಲವು ಹಂದಿಗಳ ಸೀರಮ್ ಜೊತೆಗಿಟ್ಟು ನೋಡಿದಾಗಲೇ ಉತ್ತರ ನಿಲ್ಲುತ್ತದೆ. ಈ ಪರೀಕ್ಷೆಯನ್ನು ಒಂದು ಹಂದಿಯ ರೋಗನಿರ್ಣಯಕ್ಕಿಂತ ಒಂದು ಹಿಂಡಿನ ಸ್ಥಿತಿ ತಿಳಿಯಲು ಬಳಸುವುದೇ ಸರಿ.

ಗುಳಿಗೆ ಅಂಟಿಸುವ ಪ್ರತಿಜನಕದ ವಿಷಯದಲ್ಲಿಯೂ ಸುಧಾರಣೆಗಳಾದವು. ಕೀಟಗಳ ಬ್ಯಾಕ್ಯುಲೋವೈರಸ್‌ನಲ್ಲಿ ಸ್ಪೈಕ್ ಜೀನ್ ಸೇರಿಸಿ ತಯಾರಿಸಿದ ಪ್ರೋಟೀನನ್ನು ಇದಕ್ಕೆ ಬಳಸಿ ನೋಡಿದ ಕೆಲಸ 1999ರಲ್ಲಿ ಸೈಫ್ ಅವರ ತಂಡದಿಂದಲೇ ಬಂತು.

ನಕ್ಷೆ ಹೇಳದ ಸಂಗತಿಗಳು

ಬಿ, ಸಿ ತಾಣಗಳಿರುವ ತುಂಡು ಕಳಚಿಹೋದದ್ದಕ್ಕೂ ವೈರಸ್ ಕರುಳನ್ನು ಬಿಟ್ಟು ಶ್ವಾಸಕೋಶ ಹಿಡಿದದ್ದಕ್ಕೂ ಸಂಬಂಧವಿದೆಯೇ ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು. ವೈರಸ್ ಜೀವಕೋಶದೊಳಗೆ ಹೋಗಲು ಬಳಸುವ ಬಾಗಿಲು ಅಮೈನೋಪೆಪ್ಟಿಡೇಸ್-ಎನ್ ಎಂಬ ಕಿಣ್ವವೆಂದು 1992ರಲ್ಲಿ ಫ್ರೆಂಚ್ ತಂಡ ತೋರಿಸಿತು. ಅದಕ್ಕೆ ಅಂಟುವ ಭಾಗ ಎರಡೂ ವೈರಸ್‌ಗಳಲ್ಲಿದೆ, ಹಾಗಾಗಿ ವ್ಯತ್ಯಾಸದ ಕಾರಣ ಅಲ್ಲಿರಲಾರದು. 1996ರಲ್ಲಿ ಜರ್ಮನಿಯ ಗೆಯೋರ್ಗ್ ಹೆರ್ಲರ್ ಮತ್ತು ಸಂಗಡಿಗರು, ಟಿಜಿಇವಿಯ ಸ್ಪೈಕ್ ಸಿಯಾಲಿಕ್ ಆಮ್ಲ ಎಂಬ, ಜೀವಕೋಶಗಳ ಮೇಲ್ಮೈಯ ಸಕ್ಕರೆಗೆ ಅಂಟಬಲ್ಲದು, ಪಿಆರ್‌ಸಿವಿಗೆ ಆ ಶಕ್ತಿಯಿಲ್ಲ ಎಂದು ಕಂಡುಕೊಂಡರು. ಕಳಚಿಹೋದ ತುಂಡಿಗೆ ಸ್ವಂತದ್ದೊಂದು ಕೆಲಸವಿತ್ತು, ಅದು ಕರುಳಿನ ಲೋಳೆಯ ನಡುವೆ ವೈರಸ್‌ಗೆ ನೆರವಾಗುತ್ತಿರಬಹುದೆಂಬ ಆಲೋಚನೆಗೆ ಇದು ದಾರಿಮಾಡಿತು.

ಆದರೆ ಮ್ಯಾಡ್ರಿಡ್ ತಂಡ 1997ರಲ್ಲಿ ಪ್ರಕಟಿಸಿದ ಕೆಲಸ ಈ ಚಿತ್ರವನ್ನು ಮತ್ತಷ್ಟು ಸೂಕ್ಷ್ಮಗೊಳಿಸಿತು. ಸ್ಪೈಕ್‌ನ ಆರಂಭದ ಭಾಗದಲ್ಲಿ, 219ನೆಯ ಸ್ಥಾನವೂ ಸೇರಿದಂತೆ ಎರಡೇ ಎರಡು ಅಮೈನೋ ಆಮ್ಲಗಳ ಬದಲಾವಣೆಯಿಂದ ಟಿಜಿಇವಿ ಕರುಳಿನಲ್ಲಿ ಬೆಳೆಯುವ ಸಾಮರ್ಥ್ಯ ಕಳೆದುಕೊಳ್ಳಬಲ್ಲದೆಂದು ಅವರು ತೋರಿಸಿದರು. ಅಂಥ ವೈರಸ್‌ನಲ್ಲಿ ಯಾವ ತುಂಡೂ ಕಳಚಿಲ್ಲ. ಬಿ, ಸಿ ತಾಣಗಳ ಪ್ರತಿಕಾಯಗಳು ಅದಕ್ಕೆ ಅಂಟಬಲ್ಲವು. ಪ್ರತಿಕಾಯಗಳ ಗುಂಪು ಅದನ್ನು ಟಿಜಿಇವಿ ಎಂದೇ ಕರೆಯುತ್ತದೆ, ಹಂದಿಮರಿಯ ಕರುಳು ಬೇರೆಯೇ ಉತ್ತರ ಕೊಡುತ್ತದೆ. ಇದರ ತಿರುಗುಮುರುಗೂ ಸಾಧ್ಯ: ಪರೀಕ್ಷೆಗೆ ಆಯ್ದ ಎಪಿಟೋಪ್‌ನಲ್ಲೇ ಬಿಂದು ಬದಲಾವಣೆ ಹೊತ್ತ, ಕರುಳಿನ ರೋಗವನ್ನು ಪೂರ್ತಿ ಉಂಟುಮಾಡಬಲ್ಲ ಟಿಜಿಇವಿ ತಳಿಯೊಂದು ಹಬ್ಬಿದರೆ, ಅದರಿಂದ ಸೋಂಕಿತವಾದ ಹಂದಿಯನ್ನು ಎಲೈಸಾ ಪಿಆರ್‌ಸಿವಿಯ ಪಟ್ಟಿಗೆ ಸೇರಿಸಿಬಿಡಬಹುದು. ವಿಶಿಷ್ಟ ತಾಣಕ್ಕೆ ಒಂದೇ ಮಾನೋಕ್ಲೋನಲ್ ನೆಚ್ಚಿಕೊಳ್ಳದೆ, ಕಳಚಿದ ತುಂಡಿನ ಬೇರೆಬೇರೆ ಕಡೆ ಅಂಟುವ ಎರಡನ್ನಾದರೂ ಇಟ್ಟುಕೊಳ್ಳಬೇಕೆಂದು ಹೇಳುವುದು ಇದಕ್ಕಾಗಿ.

ಸ್ಪೈಕ್‌ನ ಹೊರಗೂ ಕಣ್ಣಿಡಬೇಕಾದ ಅಗತ್ಯವನ್ನು ಇಟಲಿಯಿಂದಲೂ ಜರ್ಮನಿಯಿಂದಲೂ 2016ರಲ್ಲಿ ಬಂದ ವರದಿಗಳು ಎತ್ತಿ ತೋರಿಸಿದವು. ಅಲ್ಲಿ ಕಂಡ ಹಂದಿಗಳ ಕರುಳಿನ ಕೊರೊನಾವೈರಸ್‌ನ ಜೀನೋಮ್ ಬಹುಪಾಲು ಟಿಜಿಇವಿಯದೇ ಆಗಿದ್ದು, ಸ್ಪೈಕ್ ಮಾತ್ರ ಹಂದಿಗಳ ಸಾಂಕ್ರಾಮಿಕ ಭೇದಿಗೆ ಕಾರಣವಾದ ಇನ್ನೊಂದು ಕೊರೊನಾವೈರಸ್‌ನಿಂದ ಬಂದಿತ್ತು. ಇಂಥ ವೈರಸ್‌ನ ಮೇಲೆ ಟಿಜಿಇವಿ ಸ್ಪೈಕ್‌ನ ಪ್ರತಿಕಾಯಗಳನ್ನು ಬಿಟ್ಟರೆ ಎ, ಬಿ, ಸಿ, ಡಿ ನಾಲ್ಕೂ ತಾಣಗಳಲ್ಲಿ ಪ್ರತಿಕ್ರಿಯೆ ಬರುತ್ತದೆಂದು ನಿರೀಕ್ಷಿಸುವಂತಿಲ್ಲ. ಸ್ಪೈಕ್ ಪ್ರತಿಕಾಯಗಳಷ್ಟೇ ಇರುವ ಗುಂಪು ಅದನ್ನು ಸಂಬಂಧವಿಲ್ಲದ ವೈರಸ್ ಎಂದು ಪಕ್ಕಕ್ಕಿಡುತ್ತದೆ. ವೈರಸ್‌ನ ಪೊರೆಯ ಪ್ರೋಟೀನ್‌ಗೂ ಒಳಗಿನ ನ್ಯೂಕ್ಲಿಯೋಕ್ಯಾಪ್ಸಿಡ್ ಪ್ರೋಟೀನ್‌ಗೂ ಅಂಟುವ ಮಾನೋಕ್ಲೋನಲ್‌ಗಳು ಅದೇ ಗುಂಪಿನಲ್ಲಿದ್ದರೆ ಅವು ಅಂಟುತ್ತವೆ. ಸ್ಪೈಕ್ ಪೂರ್ತಿ ಖಾಲಿ, ಪೊರೆ ಮತ್ತು ನ್ಯೂಕ್ಲಿಯೋಕ್ಯಾಪ್ಸಿಡ್ ಎರಡೂ ಗಟ್ಟಿ ಎಂಬ ವಿನ್ಯಾಸ ಕಂಡ ಕೂಡಲೇ, ಆ ಮಾದರಿಯ ಸ್ಪೈಕ್ ಜೀನನ್ನು ಅನುಕ್ರಮಕ್ಕೆ ಕಳಿಸಬೇಕೆಂದು ಪ್ರಯೋಗಾಲಯಕ್ಕೆ ಗೊತ್ತಾಗುತ್ತದೆ.